ಚಂದ್ರನ ಶಾಂತಿಸಾಗರ ತೋರಿಸುವುದು ಹೇಗೆ: ಆರ್ಮ್‌ಸ್ಟ್ರಾಂಗ್ ನೆನಪಿಗೆ ಶಾಲಾ ಮೈದಾನದಲ್ಲಿ ಒಂದು ಸಂಜೆ

ನೀಲ್ ಆರ್ಮ್‌ಸ್ಟ್ರಾಂಗ್ ನೆನಪಿನ ಕಾರ್ಯಕ್ರಮ ಎಂದರೆ ಶಾಲೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇಷ್ಟು: ಜುಲೈ 20ಕ್ಕೆ ಒಂದು ಫ್ಲೆಕ್ಸ್, ಒಂದು ಭಾಷಣ, ಒಂದು ಕ್ವಿಜ್. ಹೊರಗೆ ಮುಂಗಾರಿನ ಮೋಡ. ಚಂದ್ರನ ಕಡೆ ಒಬ್ಬರೂ ತಲೆ ಎತ್ತುವುದಿಲ್ಲ. ಅದನ್ನು ಬಿಟ್ಟು, ಆತ ಇಳಿದ ಜಾಗವನ್ನೇ ಮಕ್ಕಳ ಕಣ್ಣಿಗೆ ತೋರಿಸಬಹುದು. ಅದಕ್ಕೆ ದೊಡ್ಡ ಉಪಕರಣ ಬೇಕಿಲ್ಲ. ಸರಿಯಾದ ದಿನ ಬೇಕು, ಒಂದು ಪರಾತ ಮರಳು ಬೇಕು, ಒಂದು ಸಣ್ಣ ಟೆಲಿಸ್ಕೋಪ್ ಬೇಕು.

ದಾವಣಗೆರೆ ಕಡೆಯ ಮಕ್ಕಳಿಗೆ ಹೇಳಲು ಇನ್ನೊಂದು ಅನುಕೂಲವಿದೆ. ಅಪೊಲೊ 11 ಇಳಿದ ಬಯಲಿನ ಲ್ಯಾಟಿನ್ ಹೆಸರನ್ನು ಕನ್ನಡಕ್ಕೆ ತಂದರೆ ಶಾಂತಿಸಾಗರ ಎಂದೇ ಆಗುತ್ತದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೂ ಅದೇ ಹೆಸರು. ನಮ್ಮ ಶಾಂತಿಸಾಗರದಲ್ಲಿ ನೀರಿದೆ, ಅಲ್ಲಿ ಹನಿಯೂ ಇಲ್ಲ. ಅದು ಕೋಟ್ಯಂತರ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ ಬಯಲು, ಅಗಲ ಸುಮಾರು 870 ಕಿ.ಮೀ. ದಾವಣಗೆರೆಯಿಂದ ಬೆಂಗಳೂರಿಗೆ ಇರುವ ದೂರದ ಮೂರು ಪಟ್ಟಿಗೂ ಹೆಚ್ಚು.

ದಿನ ಗೊತ್ತುಮಾಡುವುದು

ಮೊದಲ ತಪ್ಪು ಆಗುವುದು ಇಲ್ಲೇ. ವಾರ್ಷಿಕೋತ್ಸವದ ತಾರೀಖಿಗೆ ಅಂಟಿಕೊಂಡರೆ ಆಕಾಶ ಕೈಕೊಡುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಸಂಜೆಯ ಮೋಡವನ್ನು ನಂಬುವ ಹಾಗಿಲ್ಲ. ಅಂದಹಾಗೆ ಆ ತಾರೀಖೂ ನಮ್ಮ ಗಡಿಯಾರಕ್ಕೆ ಸರಿಹೊಂದುವುದಿಲ್ಲ. ಭಾರತದ ವೇಳೆಯಲ್ಲಿ ಈಗಲ್ ನೌಕೆ ಇಳಿದದ್ದು 1969ರ ಜುಲೈ 21ರ ನಸುಕಿನ 1 ಗಂಟೆ 47 ನಿಮಿಷಕ್ಕೆ. ಆರ್ಮ್‌ಸ್ಟ್ರಾಂಗ್ ಕಾಲಿಟ್ಟದ್ದು ಅಂದು ಬೆಳಿಗ್ಗೆ 8 ಗಂಟೆ 26 ನಿಮಿಷಕ್ಕೆ. ತಾರೀಖಿಗೇ ಏನಾದರೂ ಮಾಡಲೇಬೇಕು ಅನ್ನುವವರು ಜುಲೈ 21ರ ಬೆಳಗಿನ ಪ್ರಾರ್ಥನೆಯಲ್ಲಿ 8:26ಕ್ಕೆ ಒಂದು ಗಂಟೆ ಬಾರಿಸಿ, ಸಾಕು. ಆಕಾಶದ ಕೆಲಸವನ್ನು ನವೆಂಬರ್‌ನಿಂದ ಮಾರ್ಚ್‌ ಒಳಗೆ ಇಟ್ಟುಕೊಳ್ಳಿ.

ಆ ತಿಂಗಳುಗಳಲ್ಲಿ ಯಾವ ಸಂಜೆ? ಇದಕ್ಕೆ ಆ್ಯಪ್ ಬೇಡ, ಗೋಡೆಯ ಕ್ಯಾಲೆಂಡರ್ ಸಾಕು: ಶುಕ್ಲಪಕ್ಷದ ಸಪ್ತಮಿ.

ಲೆಕ್ಕ ಸರಳ. ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿದರೆ ಒಂದು ತಿಥಿ. ಅಮಾವಾಸ್ಯೆ ಕಳೆದ ಮೇಲೆ ಚಂದ್ರನ ಮೇಲೆ ಬೆಳಗಿನ ಗೆರೆ, ಅಂದರೆ ಹಗಲು ರಾತ್ರಿ ಕೂಡುವ ಗೆರೆ, ನಿಧಾನವಾಗಿ ಸರಿಯುತ್ತಾ ಹೋಗುತ್ತದೆ. ಆರ್ಮ್‌ಸ್ಟ್ರಾಂಗ್ ಇಳಿದ ಜಾಗ ಚಂದ್ರನ 23.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಅಲ್ಲಿ ಸೂರ್ಯ ಹುಟ್ಟುವುದು ಷಷ್ಠಿಯ ಹೊತ್ತಿಗೆ. ಸಪ್ತಮಿಯ ಸಂಜೆ ಅಲ್ಲಿ ಬೆಳಗಿನ ಎಳೆಬಿಸಿಲು ಇರುತ್ತದೆ, ನೆರಳು ಉದ್ದವಾಗಿರುತ್ತದೆ, ಕುಳಿಗಳು ಕೊರೆದಿಟ್ಟಂತೆ ಎದ್ದು ಕಾಣುತ್ತವೆ. ಪಂಚಮಿಗೆ ಹೋದರೆ ಆ ಜಾಗ ಇನ್ನೂ ಕತ್ತಲಲ್ಲಿ. ಷಷ್ಠಿಯಂದು ಅರೆನಂಬಿಕೆ, ಯಾಕೆಂದರೆ ಚಂದ್ರ ನಮ್ಮ ಕಡೆಗೆ ನೋಡುವಾಗ ತುಸು ತಲೆಯಾಡಿಸುತ್ತಾನೆ, ಗೆರೆ ಏಳೆಂಟು ಡಿಗ್ರಿ ಆಚೀಚೆ ಆಗುತ್ತದೆ. ಸಪ್ತಮಿಗೆ ಮೋಡ ಬಂದರೆ ಅಷ್ಟಮಿಯನ್ನು ಬದಲಿ ದಿನವಾಗಿ ಇಟ್ಟುಕೊಳ್ಳಿ, ಕರಪತ್ರದಲ್ಲೂ ಹಾಗೇ ಅಚ್ಚು ಹಾಕಿಸಿ. ಹುಣ್ಣಿಮೆಗೆ ಮಾತ್ರ ಬೇಡವೇ ಬೇಡ. ಬೆಳಕು ನೆತ್ತಿಯಿಂದ ಬಿದ್ದು ನೆರಳೇ ಇಲ್ಲದೆ ಚಂದ್ರ ಬರೀ ಬಿಳಿ ತಟ್ಟೆಯಾಗಿಬಿಡುತ್ತಾನೆ.

ವರ್ಷಕ್ಕೆ ಒಂದೇ ಸಲ ಮಾಡುವುದಾದರೆ ರಥಸಪ್ತಮಿ ಎಲ್ಲಕ್ಕಿಂತ ಒಳ್ಳೆಯದು. ಮಾಘ ಶುದ್ಧ ಸಪ್ತಮಿ, ಜನವರಿ ಕೊನೆ ಅಥವಾ ಫೆಬ್ರವರಿ, ತಿಳಿ ಆಕಾಶ. ದಿನ ಯಾವುದೆಂದು ಮನೆಯಲ್ಲಿ ಅಜ್ಜಿಯೇ ಹೇಳುತ್ತಾರೆ. ಬೆಳಿಗ್ಗೆ ಸೂರ್ಯನಮಸ್ಕಾರ ಮಾಡಿದ ಮೈದಾನದಲ್ಲೇ ಸಂಜೆ ಚಂದ್ರ.

ಸಪ್ತಮಿ ಇನ್ನೊಂದು ಕಾರಣಕ್ಕೂ ಸರಿಯಾದ ದಿನ. 1969ರ ಜುಲೈ 21 ಶುಕ್ಲ ಸಪ್ತಮಿಯ ಆಸುಪಾಸಿನ ದಿನ. ಚಂದ್ರಯಾನ-3ರ ವಿಕ್ರಮ್ ಇಳಿದ 2023ರ ಆಗಸ್ಟ್ 23 ಶ್ರಾವಣ ಶುಕ್ಲ ಸಪ್ತಮಿ. ಪಂಚಾಂಗ ನೋಡಿ ಇಳಿಸಿದ್ದಲ್ಲ, ಬೆಳಗಿನ ಬಿಸಿಲು ನೋಡಿ ಇಳಿಸಿದ್ದು. ಅಪೊಲೊಗೆ ಬೇಕಿದ್ದದ್ದು ನೆರಳು: ಸೂರ್ಯ ದಿಗಂತದಿಂದ ಸುಮಾರು 11 ಡಿಗ್ರಿ ಮೇಲಿದ್ದರೆ ಗುಂಡಿ ಎಲ್ಲಿದೆ, ಬಂಡೆ ಎಲ್ಲಿದೆ ಎಂದು ಕಿಟಕಿಯಿಂದ ಗೊತ್ತಾಗುತ್ತದೆ. ವಿಕ್ರಮ್‌ಗೆ ಬೇಕಿದ್ದದ್ದು ದಿನಗಳು: ಸೌರಫಲಕದಿಂದ ನಡೆಯುವ ಯಂತ್ರ, ಬೆಳಿಗ್ಗೆಯೇ ಇಳಿದರೆ ಸುಮಾರು 14 ಭೂದಿನಗಳ ಹಗಲು ಪೂರ್ತಿ ಕೈಗೆ ಸಿಗುತ್ತದೆ.

ಮಧ್ಯಾಹ್ನದ ಕೆಲಸ: ಪರಾತದಲ್ಲಿ ಚಂದ್ರನ ನೆಲ

ಟೆಲಿಸ್ಕೋಪಿಗೆ ಕಣ್ಣಿಡುವ ಮೊದಲು ಮಕ್ಕಳಿಗೆ ನೆರಳಿನ ಭಾಷೆ ಗೊತ್ತಿರಬೇಕು. ಇಲ್ಲದಿದ್ದರೆ ಗುಂಡಿಯನ್ನು ಗುಡ್ಡ ಅಂದುಕೊಳ್ಳುತ್ತಾರೆ, ದೊಡ್ಡವರೂ ಅಷ್ಟೇ.

45 ಸೆಂ.ಮೀ. ಅಗಲದ, 5 ಸೆಂ.ಮೀ. ಅಂಚಿನ ಒಂದು ಪರಾತ ತೆಗೆದುಕೊಳ್ಳಿ. ಒಣಗಿದ, ಜರಡಿ ಹಿಡಿದ ಸಣ್ಣ ಮರಳು 7 ಕೆ.ಜಿ. ಹಾಕಿದರೆ ತಳದಲ್ಲಿ ಸುಮಾರು 3 ಸೆಂ.ಮೀ. ದಪ್ಪ ನಿಲ್ಲುತ್ತದೆ. ಅದರ ಮೇಲೆ 1 ಕೆ.ಜಿ. ರಾಗಿ ಹಿಟ್ಟನ್ನು ಜರಡಿಯಿಂದಲೇ ಸಮನಾಗಿ ಉದುರಿಸಿ. ಕೈಯಿಂದ ತಟ್ಟಬೇಡಿ. ತಟ್ಟಿದ ಹಿಟ್ಟಿಗೆ ಗೋಲಿ ಬಿದ್ದರೆ ಅಚ್ಚು ಮೂಡುತ್ತದೆ, ಕುಳಿ ಆಗುವುದಿಲ್ಲ. ಮರಳಲ್ಲಿ ತೇವ ಇದ್ದರೂ ಇದೇ ಗತಿ, ಹಾಗಾಗಿ ಹಿಂದಿನ ದಿನವೇ ಬಿಸಿಲಿಗೆ ಹರಡಿ.

ಬೇರೆ ಬೇರೆ ಗಾತ್ರದ ಗೋಲಿಗಳನ್ನು ಒಂದು ಮೀಟರ್ ಎತ್ತರದಿಂದ ಬಿಡಿಸಿ, ಎಸೆಯಲು ಬಿಡಬೇಡಿ. ಗೋಲಿಗಿಂತ ಎರಡು ಮೂರು ಪಟ್ಟು ಅಗಲದ ಗುಂಡಿ, ಸುತ್ತ ಎದ್ದ ಅಂಚು, ಚಿಮ್ಮಿದ ಹಿಟ್ಟು, ಎಲ್ಲ ಸಿಗುತ್ತದೆ. ಹತ್ತು ಹನ್ನೆರಡು ಕುಳಿ ಆದ ಮೇಲೆ ಗೋಲಿಗಳನ್ನು ಚಮಚದಿಂದ ನಾಜೂಕಾಗಿ ಎತ್ತಿ. ಈಗ ಬಹಳ ಜನ ಮರೆಯುವ ಹಂತ: ಇಡೀ ಪರಾತದ ಮೇಲೆ ಮತ್ತೊಮ್ಮೆ ತೆಳ್ಳಗೆ ಹಿಟ್ಟು ಉದುರಿಸಿ. ಕೆಳಗಿನ ಮರಳಿನ ಬಣ್ಣ ಎಲ್ಲೂ ಇಣುಕಬಾರದು. ಇಣುಕಿದರೆ ಮಕ್ಕಳು ಬಣ್ಣ ನೋಡಿ ಕುಳಿ ಗುರುತಿಸುತ್ತಾರೆ, ಪ್ರಯೋಗವೇ ಕೆಡುತ್ತದೆ.

ಕೋಣೆ ಕತ್ತಲು ಮಾಡಿ. ಒಂದೇ ಬಲ್ಬಿನ ಟಾರ್ಚನ್ನು ಪರಾತದ ನೇರ ಮೇಲೆ ಹಿಡಿದು ಕೇಳಿ: ನೌಕೆ ಎಲ್ಲಿ ಇಳಿಸುತ್ತೀರಿ? ಖಾಲಿ ಬೆಂಕಿಪೊಟ್ಟಣವೇ ನೌಕೆ. ಮೇಲಿನ ಬೆಳಕಿನಲ್ಲಿ ಎಲ್ಲ ಕಡೆ ಸಮತಟ್ಟಾಗಿ ಕಾಣುವುದರಿಂದ ಯಾರೋ ಒಬ್ಬರು ಧೈರ್ಯವಾಗಿ ಬೆರಳು ತೋರಿಸುತ್ತಾರೆ. ಈಗ ಟಾರ್ಚನ್ನು ಪರಾತದ ನಡುಭಾಗದಿಂದ ಒಂದು ಮೀಟರ್ ದೂರಕ್ಕೆ, ಹಿಟ್ಟಿನ ಮಟ್ಟದಿಂದ 19 ಸೆಂ.ಮೀ. ಎತ್ತರಕ್ಕೆ ಇಳಿಸಿ. ಅದೇ 11 ಡಿಗ್ರಿ, ಆರ್ಮ್‌ಸ್ಟ್ರಾಂಗ್ ಕಂಡ ಬಿಸಿಲಿನ ಕೋನ. ಒಂದು ಸೆಂ.ಮೀ. ಎತ್ತರದ ಅಂಚಿಗೂ 5 ಸೆಂ.ಮೀ. ನೆರಳು. ತೋರಿಸಿದ ಜಾಗದಲ್ಲಿ ಗುಂಡಿ ಬಾಯಿ ತೆರೆದಿರುತ್ತದೆ. ಮೊಬೈಲ್ ಫ್ಲ್ಯಾಶ್ ಇದಕ್ಕೆ ಆಗುವುದಿಲ್ಲ, ಬೆಳಕು ಅಗಲವಾಗಿ ಹರಡಿ ಗೋಡೆಗೆ ಬಡಿದು ವಾಪಸ್ ಬಂದು ನೆರಳನ್ನು ತಿನ್ನುತ್ತದೆ.

ಇಲ್ಲಿ ಕಥೆಗೆ ಜಾಗವಿದೆ. ಈಗಲ್ ನೌಕೆಯ ಕಂಪ್ಯೂಟರ್ ತಾನಾಗಿ ಕರೆದೊಯ್ಯುತ್ತಿದ್ದದ್ದು ಬಂಡೆಗಳು ತುಂಬಿದ ದೊಡ್ಡ ಕುಳಿಯೊಂದರ ಕಡೆಗೆ. ಅಷ್ಟರಲ್ಲಿ 1202 ಎಂಬ ಎಚ್ಚರಿಕೆ ಬೇರೆ, ಲೆಕ್ಕದ ಹೊರೆ ಹೆಚ್ಚಾಯಿತೆಂದು. ಆರ್ಮ್‌ಸ್ಟ್ರಾಂಗ್ ಹಿಡಿತವನ್ನು ತನ್ನ ಕೈಗೆ ತೆಗೆದುಕೊಂಡು, ನೆಲಕ್ಕೆ ಸಮಾಂತರವಾಗಿ ಮುಂದೆ ಹಾರಿಸಿ, ಸಪಾಟು ಜಾಗ ಹುಡುಕಿ ಇಳಿಸಿದ. ಪಕ್ಕದಲ್ಲಿ ನಿಂತಿದ್ದ ಬಜ್ ಆಲ್ಡ್ರಿನ್ ಎತ್ತರ, ವೇಗಗಳನ್ನು ಒಂದೊಂದಾಗಿ ಓದಿ ಹೇಳುತ್ತಿದ್ದ. ಇಂಧನ ಒಂದು ನಿಮಿಷಕ್ಕೂ ಉಳಿದಿರಲಿಲ್ಲ. ಮೂರನೆಯ ಜೊತೆಗಾರ ಮೈಕೆಲ್ ಕಾಲಿನ್ಸ್ ಚಂದ್ರನ ಸುತ್ತ ಒಬ್ಬನೇ ಸುತ್ತುತ್ತಿದ್ದ.

ವಿಕ್ರಮ್‌ನಲ್ಲಿ ಮನುಷ್ಯರಿರಲಿಲ್ಲ. ಆ ಕಣ್ಣಿನ ಕೆಲಸವನ್ನು ಅಪಾಯ ಗುರುತಿಸುವ ಕ್ಯಾಮೆರಾ ಮತ್ತು ಸೆನ್ಸರ್‌ಗಳೇ ಮಾಡಬೇಕಿತ್ತು. ಅವಕ್ಕೆ ಗುಂಡಿ ನೋಡುವುದನ್ನು ಕಲಿಸಿದ ಊರು ಚಿತ್ರದುರ್ಗ ಜಿಲ್ಲೆಯಲ್ಲೇ ಇದೆ: ಚಳ್ಳಕೆರೆ ಬಳಿಯ ಉಳ್ಳಾರ್ತಿ ಕಾವಲು. ಅಲ್ಲಿ ಇಸ್ರೋ ಚಂದ್ರನ ನೆಲದ ಹಾಗೆ ಸುಮಾರು 10 ಮೀಟರ್ ಅಗಲ, 3 ಮೀಟರ್ ಆಳದ ಕೃತಕ ಕುಳಿಗಳನ್ನು ತೋಡಿಸಿ, ಮೇಲಿನಿಂದ ಹಾರುವ ವಿಮಾನದಲ್ಲಿ ಸೆನ್ಸರ್ ಇಟ್ಟು ಪರೀಕ್ಷಿಸುವ ಏರ್ಪಾಡು ಮಾಡಿತ್ತು. ಮಕ್ಕಳು ಪರಾತದಲ್ಲಿ ಮಾಡಿದ್ದು ಅದರದೇ ಚಿಕ್ಕ ರೂಪ. ಇದನ್ನು ಹೇಳದೆ ಚಂದ್ರಯಾನದ ಪಾಠ ಮಾಡುವುದು ಈ ಜಿಲ್ಲೆಯಲ್ಲಂತೂ ತಪ್ಪು.

ಸಮಯ ಉಳಿದರೆ ದೂರದ ಅಳತೆ. ಬಾಸ್ಕೆಟ್‌ಬಾಲ್ ಭೂಮಿಯಾದರೆ ಟೆನಿಸ್ ಬಾಲ್ ಚಂದ್ರ. ಎರಡರ ನಡುವೆ ಎಷ್ಟು ದೂರ ಇಡಬೇಕು ಎಂದು ಕೇಳಿ, ಬಹುತೇಕರು ಒಂದು ಗೇಣು ಎರಡು ಗೇಣು ಅನ್ನುತ್ತಾರೆ. ನಿಜವಾದ ಉತ್ತರ 7 ಮೀಟರಿಗೂ ಹೆಚ್ಚು, ಕೊಠಡಿಯ ಒಂದು ಗೋಡೆಯಿಂದ ಇನ್ನೊಂದಕ್ಕೆ. ಇದೇ ಅಳತೆಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಬಾಸ್ಕೆಟ್‌ಬಾಲಿನ ಮೈಯಿಂದ ಮುಕ್ಕಾಲು ಸೆಂ.ಮೀ. ಮೇಲೆ ಹಾರುತ್ತಿರುತ್ತದೆ.

ಟೆಲಿಸ್ಕೋಪ್ ನಿಲ್ಲಿಸುವುದು

ಚಂದ್ರನಿಗೆ ಊರಿನ ಬೆಳಕು ಅಡ್ಡಿಯಲ್ಲ. ಮಕ್ಕಳನ್ನು ಜೋಗಿಮಟ್ಟಿಗೋ ಊರಾಚೆಗೋ ಕರೆದೊಯ್ಯುವ ಗೋಜು ಬೇಡ, ಶಾಲೆಯ ಮಣ್ಣಿನ ಮೈದಾನ ಸಾಕು. ಆದರೆ ಆರ್‌ಸಿಸಿ ತಾರಸಿ, ದುರ್ಗದ ಬಂಡೆ ಇವುಗಳ ಮೇಲೆ ನಿಲ್ಲಿಸಬೇಡಿ. ಹಗಲೆಲ್ಲ ಕಾದ ಕಲ್ಲು ಸಂಜೆ ಬಿಸಿ ಬಿಡುತ್ತದೆ, ಚಂದ್ರ ನೀರಿನ ತಳದಲ್ಲಿ ಇದ್ದ ಹಾಗೆ ಕುದಿಯುತ್ತಾನೆ. ಪಕ್ಕದಲ್ಲಿ ಮೆಕ್ಕೆಜೋಳ ಒಕ್ಕಣೆ ನಡೆಯುತ್ತಿದ್ದರೆ ಧೂಳಿನ ಬಗ್ಗೆಯೂ ಗಮನವಿರಲಿ.

70 ಮಿ.ಮೀ. ಅಗಲದ ಮಸೂರ, 700 ಮಿ.ಮೀ. ನಾಭಿದೂರದ ಸಾಧಾರಣ ಟೆಲಿಸ್ಕೋಪ್ ಇದಕ್ಕೆ ಸಾಕು. 25 ಮಿ.ಮೀ. ಐಪೀಸ್ (ಕಣ್ಣಿಡುವ ಕಡೆಯ ಮಸೂರ) ಹಾಕಿದರೆ 28 ಪಟ್ಟು, 10 ಮಿ.ಮೀ. ಹಾಕಿದರೆ 70 ಪಟ್ಟು. ಡಬ್ಬಿಯ ಮೇಲೆ 500 ಪಟ್ಟು ಎಂದು ಬರೆದಿದ್ದರೆ ಅದನ್ನು ಮರೆತುಬಿಡಿ. 150 ಮಿ.ಮೀ. ಕನ್ನಡಿಯ ಡಾಬ್ಸೋನಿಯನ್ ಟೆಲಿಸ್ಕೋಪ್ ಸಿಕ್ಕರೆ ಅದೃಷ್ಟ, ಆದರೆ ಅದನ್ನು ಅರ್ಧ ಗಂಟೆ ಮೊದಲೇ ಹೊರಗಿಡಿ, ಕನ್ನಡಿ ಹೊರಗಿನ ತಂಪಿಗೆ ಬರಬೇಕು. ಏನೂ ಇಲ್ಲವೆಂದರೆ 10×50 ಬೈನಾಕ್ಯುಲರನ್ನು ಕ್ಯಾಮೆರಾ ಸ್ಟ್ಯಾಂಡಿಗೆ ಬಿಗಿಯಿರಿ, ಬಯಲುಗಳೂ ದೊಡ್ಡ ಕುಳಿಗಳೂ ಅದರಲ್ಲೇ ಕಾಣುತ್ತವೆ. ಕೈಯಲ್ಲಿ ಹಿಡಿದರೆ ನಡುಕದಲ್ಲಿ ಎಲ್ಲ ಹಾಳು.

ಹಗಲು ಇರುವಾಗಲೇ ಅರ್ಧ ಕಿ.ಮೀ. ದೂರದ ಮೊಬೈಲ್ ಟವರ್ ಅಥವಾ ನೀರಿನ ಟ್ಯಾಂಕಿನ ತುದಿಗೆ ಗುರಿಯಿಟ್ಟು ಫೈಂಡರನ್ನು, ಅಂದರೆ ಕೊಳವೆಯ ಮೇಲಿನ ಗುರಿ ಹಿಡಿಯುವ ಪುಟ್ಟ ದುರ್ಬೀನನ್ನು, ಹೊಂದಿಸಿ. ಇದನ್ನು ಕತ್ತಲಾದ ಮೇಲೆ ಮಾಡಲು ಹೋಗಿ ಅರ್ಧ ಗಂಟೆ ಕಳೆದುಕೊಳ್ಳುವವರೇ ಹೆಚ್ಚು. ಆದರೆ ಎಚ್ಚರ: ಸೂರ್ಯ ಪೂರ್ತಿ ಮುಳುಗುವವರೆಗೆ ಒಬ್ಬ ದೊಡ್ಡವರು ಪಕ್ಕದಲ್ಲೇ ನಿಂತಿರಬೇಕು, ಕೆಲಸವಿಲ್ಲದಾಗ ಮುಚ್ಚಳ ಹಾಕಿರಬೇಕು. ಸಪ್ತಮಿ ಚಂದ್ರ ಮಧ್ಯಾಹ್ನಕ್ಕೇ ಹುಟ್ಟಿರುತ್ತಾನೆ, ಹುಡುಕುವ ಉತ್ಸಾಹದಲ್ಲಿ ಯಾರಾದರೂ ಸೂರ್ಯನ ಕಡೆ ತಿರುಗಿಸಿದರೆ ಕಣ್ಣು ಹೋಗುತ್ತದೆ. ಹಳೆಯ ಸೆಟ್‌ನೊಂದಿಗೆ ಐಪೀಸಿಗೆ ತಿರುಪುವ ಕಪ್ಪು ಸೌರ ಫಿಲ್ಟರ್ ಬಂದಿದ್ದರೆ ಅದನ್ನು ಒಡೆದು ಎಸೆಯಿರಿ, ಶಾಖಕ್ಕೆ ಬಿರುಕು ಬಿಡುವಂಥದ್ದು ಅದು.

ರಥಸಪ್ತಮಿಯಂದು ಸಂಜೆ ಆರೂವರೆಗೆ ಚಂದ್ರ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ಆಗ ಕೊಳವೆ ಸ್ಟ್ಯಾಂಡಿನ ಕಾಲಿಗೆ ತಾಗುತ್ತದೆ, ನೋಡುವವರ ಕುತ್ತಿಗೆಯೂ ನೋಯುತ್ತದೆ. ಏಳೂವರೆಯಿಂದ ಒಂಬತ್ತೂವರೆ ಸರಿಯಾದ ಹೊತ್ತು, ಚಂದ್ರ ಪಶ್ಚಿಮಕ್ಕೆ ವಾಲಿರುತ್ತಾನೆ.

ಒಂದು ಮಗುವಿಗೆ 40 ಸೆಕೆಂಡ್ ಎಂದು ಲೆಕ್ಕ ಹಾಕಿ. 60 ಮಕ್ಕಳಿದ್ದರೆ, ನಡುನಡುವೆ ಗುರಿ ಸರಿಮಾಡುವುದೂ ಸೇರಿ, ಒಂದು ಟೆಲಿಸ್ಕೋಪಿಗೆ ಒಂದು ಗಂಟೆ. 70 ಪಟ್ಟಿನಲ್ಲಿ ಚಂದ್ರನ ಒಂದು ಜಾಗ ಐಪೀಸಿನ ಈ ಅಂಚಿನಿಂದ ಆ ಅಂಚಿಗೆ ಮೂರು ನಿಮಿಷದೊಳಗೆ ಜಾರಿಹೋಗುತ್ತದೆ. ಹಾಗಾಗಿ ಗುರಿಯನ್ನು ನಡುವಿಗೆ ಇಡದೆ, ಅದು ಒಳಬರುವ ಅಂಚಿನ ಹತ್ತಿರ ಇಡಿ, ಮೂರು ನಾಲ್ಕು ಮಕ್ಕಳಿಗೆ ಬಾಳುತ್ತದೆ. ನೋಡುವಾಗ ಕೈ ಹಿಂದೆ ಕಟ್ಟಿಕೊಳ್ಳಲು ಹೇಳಿ. ಐಪೀಸ್ ಹಿಡಿದುಕೊಂಡೇ ನೋಡುವುದು ಮಕ್ಕಳ ಸಹಜ ಅಭ್ಯಾಸ, ಹಿಡಿದ ಕೂಡಲೇ ಚಂದ್ರ ಮಾಯ. ಚಿಕ್ಕವರಿಗೆ ಅಲ್ಲಾಡದ ಒಂದು ಸ್ಟೂಲ್ ಇರಲಿ, ಅದು ಟೆಲಿಸ್ಕೋಪಿಗೆ ತಾಗದಷ್ಟು ದೂರವಿರಲಿ.

ಜಾಗ ಹುಡುಕುವ ದಾರಿ

ಮೊದಲು ಬರಿಗಣ್ಣಿಗೆ. ಚಂದ್ರನಲ್ಲಿ ಮೊಲ ಇದೆ ಎಂದು ನಾವೆಲ್ಲ ಕೇಳಿ ಬೆಳೆದದ್ದೇ. ಆ ಮೊಲದ ತಲೆಯೇ ಶಾಂತಿಸಾಗರ. ಎರಡು ಕಿವಿಗಳು ಅದರಾಚೆಯ ಎರಡು ಚಿಕ್ಕ ಬಯಲುಗಳು. ಆರ್ಮ್‌ಸ್ಟ್ರಾಂಗ್ ಇಳಿದದ್ದು ತಲೆಯ ಮೇಲೆ, ಕಿವಿ ಹುಟ್ಟುವ ಜಾಗದ ಹತ್ತಿರ. ಸಪ್ತಮಿಯಂದು ಮೊಲದ ಮೈ ಕತ್ತಲಲ್ಲಿರುತ್ತದೆ, ತಲೆ ಕಿವಿ ಮಾತ್ರ ಹೊರಗೆ.

ಟೆಲಿಸ್ಕೋಪಿನಲ್ಲಿ ದಿಕ್ಕು ತಪ್ಪುವುದು ಸಾಮಾನ್ಯ. ಕನ್ನಡಿಯ ಟೆಲಿಸ್ಕೋಪ್ ಚಿತ್ರವನ್ನು ತಲೆಕೆಳಗು ಮಾಡುತ್ತದೆ, ನಕ್ಷೆಯನ್ನೂ ತಲೆಕೆಳಗೆ ಹಿಡಿದರೆ ಸರಿಹೋಗುತ್ತದೆ. ಮಸೂರದ ಟೆಲಿಸ್ಕೋಪಿಗೆ 90 ಡಿಗ್ರಿ ತಿರುವಿನ ಕನ್ನಡಿ ಹಾಕಿದ್ದರೆ ಎಡ ಬಲ ಅದಲುಬದಲಾಗುತ್ತದೆ, ಆಗ ನಕ್ಷೆಯನ್ನು ಹೇಗೆ ತಿರುಗಿಸಿದರೂ ಹೊಂದುವುದಿಲ್ಲ. ಪ್ರಿಂಟ್ ತೆಗೆಯುವಾಗಲೇ ಕನ್ನಡಿ ಪ್ರತಿಬಿಂಬದ ಹಾಗೆ ತೆಗೆಸಿ, ಅಥವಾ ಕಾಗದವನ್ನು ಮಗುಚಿ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಎಡ ಬಲ ಎನ್ನದೆ ಮೂರೇ ಗುರುತು ಹೇಳಿ: ಹೊಳೆಯುವ ದುಂಡು ಅಂಚು ಚಂದ್ರನ ಪೂರ್ವ, ಬೆಳಗಿನ ಗೆರೆ ಪಶ್ಚಿಮ, ಕುಳಿಗಳು ಕಿಕ್ಕಿರಿದ ಕಡೆ ದಕ್ಷಿಣ.

28 ಪಟ್ಟಿನಿಂದ ಶುರುಮಾಡಿ. ದಕ್ಷಿಣದ ಕಡೆ, ಗೆರೆಗೆ ತುಸು ದೂರದಲ್ಲಿ, ಮೂರು ದೊಡ್ಡ ಕುಳಿಗಳು ಸಾಲಾಗಿ ಕೈ ಹಿಡಿದು ನಿಂತಿರುತ್ತವೆ: ಥಿಯೋಫಿಲಸ್, ಸಿರಿಲ್ಲಸ್, ಕ್ಯಾಥರೀನಾ. ಇವುಗಳಲ್ಲಿ ಉತ್ತರದ್ದು, ಅಂಚು ಎಲ್ಲಕ್ಕಿಂತ ಚೂಪಾಗಿರುವುದು, ನಡುವೆ ಶಿಖರ ಇರುವುದು ಥಿಯೋಫಿಲಸ್. ಅಗಲ ಸುಮಾರು 100 ಕಿ.ಮೀ. ಇದೇ ನಿಮ್ಮ ಅಳತೆಗೋಲು. ಅಲ್ಲಿಂದ ಉತ್ತರಕ್ಕೆ ಅದರ ಅಗಲದ ಮೂರೂವರೆ ಪಟ್ಟು ಹೋದರೆ ಶಾಂತಿಸಾಗರದ ದಕ್ಷಿಣದ ಅಂಚಿಗೆ ಬರುತ್ತೀರಿ.

ಈಗ 70 ಪಟ್ಟಿಗೆ ಬದಲಿಸಿ. ಪಕ್ಕಪಕ್ಕದಲ್ಲಿ ಒಂದೇ ಅಳತೆಯ ಅವಳಿ ಕುಳಿಗಳು ಕಾಣುತ್ತವೆ, ಸಬೈನ್ ಮತ್ತು ರಿಟ್ಟರ್, ತಲಾ ಸುಮಾರು 30 ಕಿ.ಮೀ. ಇವು ಸಿಕ್ಕರೆ ಕೆಲಸ ಮುಗಿದ ಹಾಗೆ. ಪೂರ್ವದ ಕಡೆ ಇರುವ ಸಬೈನ್‌ನಿಂದ ಇನ್ನೂ ಪೂರ್ವಕ್ಕೆ, ಒಂದು ಥಿಯೋಫಿಲಸ್‌ನಷ್ಟು ದೂರದಲ್ಲಿ, ಏನೂ ಇಲ್ಲದ ಸಪಾಟು ಬಯಲು. ಅದೇ ಜಾಗ. ಅಲ್ಲಿಂದ ದಕ್ಷಿಣಕ್ಕೆ 45 ಕಿ.ಮೀ. ಆಸುಪಾಸಿನಲ್ಲಿರುವ ಮೋಲ್ಟ್‌ಕೆ ಎಂಬ ಪುಟ್ಟ ಹೊಳೆಯುವ ಚುಕ್ಕೆ ಖಾತ್ರಿಪಡಿಸಿಕೊಳ್ಳಲು ಒಳ್ಳೆಯದು. 150 ಮಿ.ಮೀ. ಉಪಕರಣ ಇದ್ದು ಗಾಳಿ ನಿಶ್ಚಲವಾಗಿದ್ದರೆ ಆ ಮೂವರ ಹೆಸರಿನ ಮೂರು ಸಣ್ಣ ಕುಳಿಗಳಿಗೂ ಪ್ರಯತ್ನಿಸಿ. ಆರ್ಮ್‌ಸ್ಟ್ರಾಂಗ್ ಕುಳಿ 4.6 ಕಿ.ಮೀ., ಆಲ್ಡ್ರಿನ್ 3.4, ಕಾಲಿನ್ಸ್ 2.4. ಮೊದಲನೆಯದು ಸಿಕ್ಕರೂ ದೊಡ್ಡದು.

ಬಾವುಟ ಕಾಣುತ್ತಾ ಎಂದು ಒಬ್ಬರಲ್ಲ ಒಬ್ಬರು ಕೇಳಿಯೇ ಕೇಳುತ್ತಾರೆ. ಕಾಣುವುದಿಲ್ಲ. 100 ಮಿ.ಮೀ. ಟೆಲಿಸ್ಕೋಪಿಗೆ ಚಂದ್ರನ ಮೇಲೆ ಸುಮಾರು 2 ಕಿ.ಮೀ.ಗಿಂತ ಚಿಕ್ಕದ್ದು ಬಿಡಿಯಾಗಿ ಕಾಣದು, ಅಲ್ಲಿ ಉಳಿದಿರುವ ನೌಕೆಯ ಕಾಲುಗಳ ಹರವು 9 ಮೀಟರ್ ಚಿಲ್ಲರೆ. ಚಂದ್ರನನ್ನೇ ಸುತ್ತುವ ಅಮೆರಿಕದ ಎಲ್‌ಆರ್‌ಒ ನೌಕೆ ಮೇಲಿನಿಂದ ಆ ಜಾಗದ ಚಿತ್ರ ತೆಗೆದಿದೆ, ಅದರ ಒಂದು ಪ್ರಿಂಟ್ ಕೈಯಲ್ಲಿರಲಿ. ಅಲ್ಲಿಟ್ಟು ಬಂದ ಪ್ರತಿಫಲಕಕ್ಕೆ ಭೂಮಿಯಿಂದ ಲೇಸರ್ ಬಿಟ್ಟು ಚಂದ್ರನ ದೂರ ಅಳೆಯುವ ಕೆಲಸ ಈಗಲೂ ನಡೆಯುತ್ತಿದೆ ಎಂದೂ ಹೇಳಿ. 73 ದೇಶಗಳ ನಾಯಕರ ಸಂದೇಶ ಕೊರೆದ ಒಂದು ಪುಟ್ಟ ಸಿಲಿಕಾನ್ ಬಿಲ್ಲೆಯೂ ಅಲ್ಲೇ ಇದೆ, ಅದರಲ್ಲಿ ಇಂದಿರಾ ಗಾಂಧಿಯವರ ಮಾತೂ ಇದೆ.

ಎರಡನೇ ಸುತ್ತಿಗೆ ವಿಕ್ರಮ್ ಇಳಿದ ಕಡೆ ತಿರುಗಿಸಿ. 69 ಡಿಗ್ರಿ ದಕ್ಷಿಣ, 32 ಡಿಗ್ರಿ ಪೂರ್ವ, ಅಂದರೆ ಸಪ್ತಮಿಯಂದು ಅಲ್ಲೂ ಬೆಳಕಿದೆ. ದಕ್ಷಿಣದ ಅಂಚಿನ ಹತ್ತಿರ ಮ್ಯಾಂಜಿನಸ್ ಎಂಬ ದೊಡ್ಡ ಕುಳಿಯ ಆಚೆ ಬದಿ. ಓರೆಯಿಂದ ನೋಡುವುದರಿಂದ ಅಲ್ಲಿ ಕುಳಿಗಳೆಲ್ಲ ಚಪ್ಪಟೆಯಾಗಿ, ಒಂದರ ಮೇಲೊಂದು ಪೇರಿಸಿದ ತಟ್ಟೆಗಳಂತೆ ಕಾಣುತ್ತವೆ. ಬೆರಳಿಟ್ಟು ತೋರಿಸುವಷ್ಟು ಖಚಿತವಾಗಿ ಸಿಗದು, ಈ ಭಾಗ ಎಂದು ಹೇಳಿ ಬಿಡಿ. ಶಾಂತಿಸಾಗರದ ಸಪಾಟು ನೋಡಿ ಬಂದ ಕಣ್ಣಿಗೆ ಈ ಒರಟು ನೆಲ ಕಂಡಾಗ ಉಳ್ಳಾರ್ತಿಯಲ್ಲಿ ಗುಂಡಿ ತೋಡಿದ್ದು ಯಾಕೆಂದು ತಾನಾಗಿ ಅರ್ಥವಾಗುತ್ತದೆ.

ಮುಗಿಸುವಾಗ

2012ರ ಆಗಸ್ಟ್ 25ರಂದು 82ನೇ ವಯಸ್ಸಿನಲ್ಲಿ ಆರ್ಮ್‌ಸ್ಟ್ರಾಂಗ್ ತೀರಿಕೊಂಡಾಗ ಅವರ ಮನೆಯವರು ಕೇಳಿಕೊಂಡದ್ದು ಒಂದೇ: ತಿಳಿಯಾದ ರಾತ್ರಿ ಹೊರಗೆ ಹೋದಾಗ ಚಂದ್ರ ನಗುತ್ತಿರುವುದು ಕಂಡರೆ ನೀಲ್‌ನನ್ನು ನೆನೆದು ಒಮ್ಮೆ ಕಣ್ಣು ಮಿಟುಕಿಸಿ. ಸರದಿ ಮುಗಿದ ಮೇಲೆ ಮೈದಾನದ ದೀಪ ಆರಿಸಿ, ಎಲ್ಲರೂ ಒಟ್ಟಿಗೆ ಅದನ್ನು ಮಾಡಬಹುದು. ಒಂದು ನಿಮಿಷ ಮೌನಕ್ಕಿಂತ ಮಕ್ಕಳಿಗೆ ಇದೇ ಒಗ್ಗುತ್ತದೆ.

ಮಂಡಕ್ಕಿ ಮೆಣಸಿನಕಾಯಿ ಹಂಚುವುದಿದ್ದರೆ ಇದೆಲ್ಲ ಆದ ಮೇಲೆ, ಮೊದಲು ಬೇಡ. ಮಿರ್ಚಿಯ ಎಣ್ಣೆ ಬೆರಳು ಒಮ್ಮೆ ಐಪೀಸಿಗೆ ತಾಗಿದರೆ ಆಮೇಲಿನವರಿಗೆಲ್ಲ ಮಂಜು ಮುಸುಕಿದ ಚಂದ್ರನೇ. ಹಾಗೆ ಆಗಿಹೋದರೆ ಅಂಗಿಯ ತುದಿಯಿಂದ ಒರೆಸಬೇಡಿ, ಧೂಳಿನ ಕಣ ಗಾಜನ್ನು ಗೀಚುತ್ತದೆ. ರಬ್ಬರ್ ಬಲ್ಬಿನಿಂದ ಧೂಳು ಊದಿ, ಲೆನ್ಸ್ ಟಿಶ್ಯೂಗೆ ಒಂದು ಹನಿ ಲೆನ್ಸ್ ದ್ರಾವಣ ಹಾಕಿ, ನಡುವಿನಿಂದ ಹೊರಕ್ಕೆ ಮೆಲ್ಲಗೆ ಒರೆಸಿ. ಐಪೀಸ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ, ಮಳೆಗಾಲ ಬಂದಾಗ ಗಾಜಿಗೆ ಬೂಸ್ಟು ಹಿಡಿಯುವುದು ತಪ್ಪುತ್ತದೆ. ಪರಾತದ ಮರಳು ಹಿಟ್ಟನ್ನು ಅಂದೇ ಜರಡಿ ಹಿಡಿದು ಬೇರೆ ಮಾಡಿ. ಮರಳು ಮುಂದಿನ ವರ್ಷಕ್ಕೆ ಬರುತ್ತದೆ. ಹಿಟ್ಟನ್ನು ಎತ್ತಿಡಬೇಡಿ, ಬೆಳಗಾಗುವುದರೊಳಗೆ ಇರುವೆ ಮುತ್ತುತ್ತದೆ.